ಸಿ ಪ್ರೋಗ್ರಾಂ ದೂರು ಹೇಳದೆ ಮುಗಿದರೆ ಫೈಲ್ ಸರಿಯಾಗಿದೆ ಎಂದರ್ಥವೇ?

ನಂಬಿಕೆ: ಸಿ ಪ್ರೋಗ್ರಾಂನಲ್ಲಿ ಎಫ್‌ಪ್ರಿಂಟ್‌ಎಫ್ ಕರೆದು, ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಮುಗಿದರೆ ಮಾಹಿತಿ ಡಿಸ್ಕ್ ಸೇರಿದೆ.

ವಾಸ್ತವ: ಇಲ್ಲ. ಡಿಸ್ಕ್ ತುಂಬಿದ್ದರೂ ಪ್ರೋಗ್ರಾಂ ಸುಮ್ಮನೆ ಮುಗಿಯಬಹುದು. ದೋಷವಾಯಿತೇ ಎಂದು ನಾವೇ ಕೇಳಬೇಕು.

ಏಕೆ ಹೀಗೆ?

ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಬಿಟ್ಟ ನೀರು ಆ ಕ್ಷಣವೇ ಟಿ. ನರಸೀಪುರದ ಸಂಗಮಕ್ಕೆ ಬರುವುದಿಲ್ಲ. ನಂಜನಗೂಡು ದಾಟಿ ಬರಲು ಸಮಯ ಬೇಕು. ಫೈಲ್‌ಗೆ ಬರೆದ ಅಕ್ಷರಗಳೂ ಹಾಗೆಯೇ. ಮೊದಲು ಸಿ ಲೈಬ್ರರಿಯ ಬಫರ್, ಆಮೇಲೆ ಆಪರೇಟಿಂಗ್ ಸಿಸ್ಟಂನ ಮೆಮೊರಿ, ಕೊನೆಗೆ ಡಿಸ್ಕ್. ಎಫ್‌ಪ್ರಿಂಟ್‌ಎಫ್ ಗೆದ್ದಿತು ಎಂದರೆ ಸಾಮಾನ್ಯವಾಗಿ ಮೊದಲ ಹಂತ ಮುಟ್ಟಿದೆ ಎಂದಷ್ಟೇ ಅರ್ಥ.

ನಷ್ಟ ಎಷ್ಟಾದೀತು?

ಟಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗದ ನದಿ ಮಾಪನ ಕೇಂದ್ರವಿದೆ. ಅಂಥದ್ದೇ ಕೆಲಸಕ್ಕೆ ವಿದ್ಯಾರ್ಥಿಯೊಬ್ಬರು 15 ನಿಮಿಷಕ್ಕೊಮ್ಮೆ ನೀರಿನ ಮಟ್ಟ ದಾಖಲಿಸುವ ಪ್ರೋಗ್ರಾಂ ಬರೆದರು ಎಂದಿಟ್ಟುಕೊಳ್ಳಿ. ಒಂದು ಸಾಲಿಗೆ 32 ಬೈಟ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವ 4,096 ಬೈಟ್‌ಗಳ ಬಫರ್‌ನಲ್ಲಿ 128 ಸಾಲು ಹಿಡಿಯುತ್ತದೆ, ಅಂದರೆ 32 ಗಂಟೆಗಳ ದಾಖಲೆ. ಅಷ್ಟರಲ್ಲಿ ಕರೆಂಟು ಹೋದರೆ ಅಷ್ಟೂ ಮಾಯ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಮುಳುಗಿದಂಥ ದಿನಗಳಲ್ಲಿ ಎಲ್ಲರಿಗೂ ಬೇಕಾದ ಗರಿಷ್ಠ ಮಟ್ಟವೇ ಆ 32 ಗಂಟೆಗಳಲ್ಲಿ ಇದ್ದಿರಬಹುದು.

ಪರೀಕ್ಷಿಸುವ ಕ್ರಮ

1. ಪ್ರತಿ ಬರಹದ ಫಲ ನೋಡಿ. ದೋಷವಾದರೆ ಎಫ್‌ಪ್ರಿಂಟ್‌ಎಫ್ ಋಣ ಸಂಖ್ಯೆ ಕೊಡುತ್ತದೆ. ಎಫ್‌ರೈಟ್ ನಾವು ಕೇಳಿದ್ದಕ್ಕಿಂತ ಕಡಿಮೆ ಎಣಿಕೆ ಕೊಡುತ್ತದೆ.

2. ಪ್ರತಿ ಸಾಲಿಗೂ ನೋಡುವುದು ಬೇಸರವೆನಿಸಿದರೆ ಕೊನೆಗೊಮ್ಮೆ ಎಫ್‌ಎರರ್ ಕೇಳಿ. ಒಮ್ಮೆ ದೋಷವಾದರೆ ಅದರ ಗುರುತು ಫೈಲ್ ಪಾಯಿಂಟರ್‌ನಲ್ಲಿ ಉಳಿದಿರುತ್ತದೆ, ನಾವು ಅಳಿಸುವವರೆಗೆ ಹೋಗುವುದಿಲ್ಲ. ಆದರೆ ಏನು ದೋಷ ಎಂದು ಇದು ಹೇಳುವುದಿಲ್ಲ.

3. ಎಫ್‌ಫ್ಲಷ್ ಕರೆದು ಬಫರ್ ಖಾಲಿ ಮಾಡಿಸಿ, ಸೊನ್ನೆ ಬಂತೇ ನೋಡಿ. ಡಿಸ್ಕ್ ತುಂಬಿದ ಸುದ್ದಿ ಹೆಚ್ಚಾಗಿ ಇಲ್ಲೇ ಹೊರಬೀಳುತ್ತದೆ.

4. ಕಳೆದುಕೊಳ್ಳಲಾಗದ ಮಾಹಿತಿಯಾದರೆ, ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಎಫ್‌ಸಿಂಕ್ ಕರೆಯಿರಿ. ಮಾಹಿತಿಯನ್ನು ಡಿಸ್ಕ್‌ಗೆ ತಲುಪಿಸಲು ಸಿಸ್ಟಂಗೆ ಹೇಳುವ ಕರೆ ಇದು. ಇದರ ಫಲವನ್ನೂ ನೋಡಿ.

5. ಎಫ್‌ಕ್ಲೋಸ್‌ನ ಫಲ ನೋಡಿ. ಬಫರ್‌ನಲ್ಲಿ ಉಳಿದದ್ದು ಹೊರಗೆ ಹೋಗುವುದು ಆಗಲೇ. ವಿಫಲವಾದರೂ ಮತ್ತೊಮ್ಮೆ ಎಫ್‌ಕ್ಲೋಸ್ ಕರೆಯಬೇಡಿ, ಆ ಪಾಯಿಂಟರ್ ಅಷ್ಟರಲ್ಲಿ ಅಮಾನ್ಯವಾಗಿರುತ್ತದೆ. ಎಫ್‌ಕ್ಲೋಸ್ ಗೆದ್ದಿತೆಂದು ಎಫ್‌ಎರರ್ ಬಿಡುವಂತೆಯೂ ಇಲ್ಲ. ಹಿಂದೆ ಆದ ದೋಷವನ್ನು ಎಫ್‌ಕ್ಲೋಸ್ ಹೇಳಿಯೇ ತೀರುತ್ತದೆ ಎಂಬ ಭರವಸೆಯಿಲ್ಲ.

ಕಾರಣ ತಿಳಿಯಲು, ಕರೆ ವಿಫಲವಾದ ಕೂಡಲೇ ಎರ್‌ನೋ ಮೌಲ್ಯ ತೆಗೆದಿಟ್ಟುಕೊಳ್ಳಿ. ನಡುವೆ ಬೇರೆ ಕರೆ ಬಂದರೆ ಅದು ಬದಲಾಗಬಹುದು. ದೋಷದ ಸಂದೇಶವನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಪ್ರೋಗ್ರಾಂ ಮುಗಿಸಿ. ಆಗ ಅದನ್ನು ಓಡಿಸಿದ ಸ್ಕ್ರಿಪ್ಟ್‌ಗೂ ವಿಷಯ ಗೊತ್ತಾಗುತ್ತದೆ.

ಪರದೆಗೆ ಬರೆಯುವ ಪ್ರೋಗ್ರಾಂಗೂ ಇದು ಬೇಕೇ?

ಬೇಕು. ಪ್ರಿಂಟ್‌ಎಫ್ ಬರೆದದ್ದನ್ನು ಬಳಕೆದಾರರು ಫೈಲ್‌ಗೆ ತಿರುಗಿಸಬಹುದು. ಲಿನಕ್ಸ್‌ನಲ್ಲಿ /ಡೆವ್/ಫುಲ್ ಎಂಬ ವಿಶೇಷ ಫೈಲ್ ಇದೆ. ಅದಕ್ಕೆ ಏನು ಬರೆದರೂ ‘ಜಾಗವಿಲ್ಲ’ ಎಂಬ ದೋಷ ಬರುತ್ತದೆ. ಎಲ್ಲರೂ ಮೊದಲು ಕಲಿಯುವ ‘ಹಲೋ ವರ್ಲ್ಡ್’ ಪ್ರೋಗ್ರಾಂನ ಔಟ್‌ಪುಟ್ ಅದಕ್ಕೆ ತಿರುಗಿಸಿ ನೋಡಿ. ಒಂದಕ್ಷರವೂ ಎಲ್ಲಿಗೂ ಹೋಗದಿದ್ದರೂ, ಪ್ರೋಗ್ರಾಂ ಸೊನ್ನೆ ಕೊಟ್ಟು ಯಶಸ್ವಿಯಾದಂತೆ ಮುಗಿಯುತ್ತದೆ. ನಿಮ್ಮ ದೋಷ ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲೂ ಇದೇ ಸುಲಭ ದಾರಿ.

ಹಳೆಯ ದಾಖಲೆಯ ಮೇಲೆ ನೇರವಾಗಿ ಬರೆಯಬಹುದೇ?

ಬೇಡ. ನಡುವೆ ದೋಷವಾದರೆ ಹಳೆಯದೂ ಹೋಗುತ್ತದೆ, ಹೊಸದೂ ಸಿಗುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲ್‌ಗೆ ಬರೆದು, ಮೇಲಿನ ಐದೂ ಪರೀಕ್ಷೆ ಗೆದ್ದ ಮೇಲಷ್ಟೇ ರೀನೇಮ್ ಕರೆದು ಅದಕ್ಕೆ ಹಳೆಯ ಹೆಸರು ಕೊಡಿ.