ಒಂದೇ ಟ್ರಕ್ಕು, ಬೇರೆ ಬೇರೆ ಸಂಖ್ಯೆ: ಯಾವುದನ್ನ ನಂಬೋದು?

1/6
ಫೋಟೋದಲ್ಲಿರೋ ರಸ್ತೆ ನೋಡಿ. ಅಮೆರಿಕದ ಅರಿಜೋನಾ ರಾಜ್ಯದ ಸ್ಟೇಟ್ ರೂಟ್ 68. ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಹತ್ತಿರ ಶುರುವಾಗಿ, 11.4 ಮೈಲಿಯಲ್ಲಿ, ಅಂದ್ರೆ ಸುಮಾರು 18 ಕಿ.ಮೀ.ನಲ್ಲಿ, 900 ಮೀಟರಿನಷ್ಟು ಮೇಲಕ್ಕೆ ಏರುತ್ತೆ. ಸುತ್ತ ಮರುಭೂಮಿ, ತಲೆ ಮೇಲೆ ಬಿಸಿಲು.

ಪಿಕಪ್ ಟ್ರಕ್ ಕಂಪನಿಗಳ ನಡುವಿನ ಒಂದು ಹಳೇ ಜಗಳ ಬಂದು ನಿಂತಿದ್ದು ಈ ಏರಿನಲ್ಲೇ. ಜಗಳ ಏನು ಅಂದ್ರೆ: ಯಾರ ಟ್ರಕ್ಕು ಎಷ್ಟು ಭಾರದ ಟ್ರೇಲರ್ ಎಳೆಯುತ್ತೆ? ಜಾಹೀರಾತಲ್ಲಿ ಒಂದು ಸಂಖ್ಯೆ. ಮಾಲೀಕರ ಕೈಪಿಡಿಯಲ್ಲಿ ಇನ್ನೊಂದು. ಬಾಗಿಲ ಪಕ್ಕದ ಸ್ಟಿಕರ್ ನೋಡಿದ್ರೆ ಲೆಕ್ಕ ಮತ್ತೆ ಬೇರೆ. ಇವುಗಳಲ್ಲಿ ಸುಳ್ಳು ಯಾವುದು ಅಂತ ಹುಡುಕೋಕೆ ಹೊರಟರೆ ಕಥೆ ಬೇರೆ ಕಡೆ ಹೋಗುತ್ತೆ. ಬನ್ನಿ, ಹಿಂದಿನಿಂದ ನೋಡೋಣ.

2/6
ಮೊದಲು ಒಂದು ಹೆಸರಿನ ಕಥೆ. 1948ರಲ್ಲಿ ಫೋರ್ಡ್ ತನ್ನ ಎಫ್-1 ಪಿಕಪ್ ತಂದಾಗ ಅದು 'ಹಾಫ್ ಟನ್' ವರ್ಗದ ಗಾಡಿ. ಅಮೆರಿಕದ ಟನ್ ಅಂದ್ರೆ 2,000 ಪೌಂಡ್. ಅರ್ಧ ಟನ್ ಅಂದ್ರೆ 1,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 450 ಕೆ.ಜಿ. ಸರಕು. ಇವತ್ತು ಅದೇ ವಂಶದ ಎಫ್-150ರಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಹೊರುವ ಮಾಡೆಲ್‌ಗಳಿವೆ. ಆದ್ರೂ ಜನ ಅದನ್ನ ಹಾಫ್ ಟನ್ ಅಂತಲೇ ಕರೀತಾರೆ. ಅಳತೆಯಾಗಿದ್ದದ್ದು ಬರೀ ಹೆಸರಾಗಿ ಉಳಿದುಬಿಡ್ತು.

ಇನ್ನೂ ಒಂದು ತಮಾಷೆ ಇದೆ. ಎಫ್-150 ಬಂದಿದ್ದು 1975ರಲ್ಲಿ. ಗಾಡಿ ಮತ್ತು ಸರಕು ಸೇರಿ 6,000 ಪೌಂಡ್ ಮಿತಿಯೊಳಗಿದ್ರೆ ಆಗಿನ ಹೊಗೆ ನಿಯಮ ಬಿಗಿ. ಅದನ್ನ ದಾಟಿದ್ರೆ ಸಡಿಲ. ಎಫ್-150 ಅನ್ನು ಆ ಗೆರೆಯ ಸ್ವಲ್ಪ ಆಚೆಗೆ ಕೂರಿಸಿದ್ರು. ಟ್ರಕ್ಕಿನ ಮೇಲಿನ ತೂಕದ ಸಂಖ್ಯೆ ಎಂಜಿನಿಯರ್ ಒಬ್ಬರೇ ಬರೆದದ್ದಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ. ಕಾನೂನು, ಮಾರಾಟ ಎರಡೂ ಪಕ್ಕದಲ್ಲಿ ಕೂತಿರುತ್ವೆ.

3/6
ಈಗ ಎಳೆಯೋ ವಿಷಯಕ್ಕೆ ಬರೋಣ. 2008ಕ್ಕೆ ಮುಂಚೆ ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆ ಮಾಡಿ, ತಾನೇ ಅಂಕ ಹಾಕಿಕೊಳ್ತಿತ್ತು. ಟ್ರಕ್ಕಿನೊಳಗೆ ಒಬ್ಬನೇ ಡ್ರೈವರ್ ಇದ್ನಾ, ಇಬ್ಬರಿದ್ರಾ? ಏರು ಎಷ್ಟು ಕಡಿದು? ಎಷ್ಟು ವೇಗದಲ್ಲಿ ಹತ್ತಬೇಕು? ಎ.ಸಿ. ಹಾಕಿದ್ರಾ? ಇದೆಲ್ಲ ಅವರವರ ಇಷ್ಟ. ಪ್ರಶ್ನೆಪತ್ರಿಕೆ ಬೇರೆ ಬೇರೆ ಇದ್ದಾಗ 90 ತಗೊಂಡವನು 85 ತಗೊಂಡವನಿಗಿಂತ ಜಾಣ ಅಂತ ಹೇಳೋಕಾಗುತ್ತಾ? ಜಾಹೀರಾತುಗಳು ಮಾತ್ರ ಅದನ್ನೇ ಹೇಳ್ತಿದ್ವು: 'ನಮ್ಮ ವರ್ಗದಲ್ಲಿ ನಾವೇ ಮೊದಲು'.

2008ರಲ್ಲಿ ಎಸ್‌ಎಇ ಅನ್ನೋ ಎಂಜಿನಿಯರುಗಳ ಸಂಸ್ಥೆ ಒಂದು ಸಾಮಾನ್ಯ ಪರೀಕ್ಷೆ ಪ್ರಕಟಿಸಿತು. ಹೆಸರು ಜೆ2807. ಅದನ್ನ ರೂಪಿಸೋದರಲ್ಲಿ ಟ್ರಕ್ ಕಂಪನಿಗಳ ಎಂಜಿನಿಯರುಗಳೂ ಇದ್ರು. ಆದರೆ ಇದು ಕಾನೂನಲ್ಲ. ಒಪ್ಪೋದು, ಬಿಡೋದು ಕಂಪನಿಗೆ ಬಿಟ್ಟಿದ್ದು. ಈ ಮಾತು ನೆನಪಿಟ್ಟುಕೊಳ್ಳಿ.

4/6
ಜೆ2807 ಏನು ಕೇಳುತ್ತೆ? ಟ್ರೇಲರ್ ಕಟ್ಟಿಕೊಂಡು ಡೇವಿಸ್ ಡ್ಯಾಮ್ ಏರು ಹತ್ತಬೇಕು. ಹೊರಗೆ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಬಿಸಿ, ಎ.ಸಿ. ಪೂರ್ತಿ ಆನ್. ಮಾಮೂಲಿ ಪಿಕಪ್ ಗಂಟೆಗೆ 40 ಮೈಲಿಗಿಂತ, ಅಂದ್ರೆ 64 ಕಿ.ಮೀ.ಗಿಂತ ಕೆಳಗೆ ಇಳಿಯೋ ಹಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಿಂತಲ್ಲಿಂದ 60 ಮೈಲಿ ವೇಗಕ್ಕೆ 30 ಸೆಕೆಂಡಿನೊಳಗೆ ಬರಬೇಕು. 12% ಏರಿನಲ್ಲಿ ನಿಂತು, ಐದು ನಿಮಿಷದಲ್ಲಿ ಐದು ಸಲ ಮುಂದಕ್ಕೆ, ಐದು ಸಲ ಹಿಂದಕ್ಕೆ ಚಲಿಸಬೇಕು. ಬ್ರೇಕ್ ಹಿಡಿಯುತ್ತಾ, ಟ್ರೇಲರ್ ಹಾವಿನ ಬಾಲದ ಹಾಗೆ ಓಲಾಡುತ್ತಾ ಅನ್ನೋದನ್ನೂ ನೋಡ್ತಾರೆ.

ಟ್ರಕ್ಕಿನಲ್ಲಿ ತಲಾ 68 ಕೆ.ಜಿ.ಯ ಇಬ್ಬರು ಇದ್ದಾರೆ ಅಂತ ಲೆಕ್ಕ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಿರಾಕಿಗಳು ಕೊಳ್ಳೋ ಆಪ್ಷನ್‌ಗಳ ತೂಕವನ್ನೂ ಸೇರಿಸಬೇಕು. ಅಂದ್ರೆ ಬೋಳು ಗಾಡಿ ತಂದು ದಾಖಲೆ ಮಾಡೋ ಹಾಗಿಲ್ಲ.

5/6
ಮೊದಲು ಒಪ್ಪಿದ್ದು ಯಾರು? ಟೊಯೋಟಾ, ತನ್ನ 2011ರ ಟಂಡ್ರಾಗೆ. ಫಲ? ಟಂಡ್ರಾದ ಎಳೆಯುವ ಸಾಮರ್ಥ್ಯ ಕಾಗದದ ಮೇಲೆ ನೂರಾರು ಪೌಂಡ್ ಕಮ್ಮಿ ಆಯ್ತು. ಅದೇ ಎಂಜಿನ್ನು, ಅದೇ ಚಾಸಿ. ಬದಲಾಗಿದ್ದು ಪ್ರಶ್ನೆ ಮಾತ್ರ. ಉಳಿದವರು ಹಳೇ ಲೆಕ್ಕದಲ್ಲೇ ಇದ್ದಿದ್ರಿಂದ, ಸರಿಯಾಗಿ ಅಳೆದವನೇ ಅಂಗಡಿಯಲ್ಲಿ ಬಡವನಾಗಿ ಕಂಡ.

ಫೋರ್ಡ್, ಹೊಸ ಎಫ್-150 ಬರೋ ತನಕ ಕಾಯ್ತೀವಿ ಅಂತು. 2013ರ ಮಾಡೆಲ್‌ಗಳಿಗೆ ಬದಲಾಯಿಸೋಕೆ ಹೊರಟಿದ್ದ ಜನರಲ್ ಮೋಟಾರ್ಸ್ ಹಿಂದೆ ಸರೀತು. 'ನೀನು ಮೊದಲು ಇಳಿ, ಆಮೇಲೆ ನಾನು' ಅನ್ನೋ ಆಟ. ಕೊನೆಗೆ 2015ರ ಮಾಡೆಲ್‌ಗಳ ಹೊತ್ತಿಗೆ ರ‍್ಯಾಮ್ 1500, ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ ಮೂರೂ ಒಂದೇ ಪ್ರಶ್ನೆಪತ್ರಿಕೆಗೆ ಬಂದ್ವು.

ಜಗಳ ಅಷ್ಟಕ್ಕೇ ಮುಗೀಲಿಲ್ಲ. 2014ರಲ್ಲಿ ದೊಡ್ಡ ಟ್ರಕ್ಕುಗಳ ಸರದಿ. ರ‍್ಯಾಮ್ 3500ಗೆ 30,000 ಪೌಂಡ್ ಅಂದ್ರೆ, ಫೋರ್ಡ್ ಎಫ್-450ಗೆ 31,200 ಪೌಂಡ್. ಆಗ ಹೊರಬಂದ ಸಂಗತಿ: ಎಫ್-450ರ ಖಾಲಿ ತೂಕ ಲೆಕ್ಕ ಹಾಕುವಾಗ ಫೋರ್ಡ್ ಸ್ಟೆಪ್ನಿ, ಜಾಕು, ರೇಡಿಯೊ, ಸೀಟುಗಳ ನಡುವಿನ ಕನ್ಸೋಲ್ ತೆಗೆದಿಟ್ಟಿತ್ತು. ಗಾಡಿ 14,000 ಪೌಂಡ್ ವರ್ಗದೊಳಗೆ ಉಳಿದ್ರೆ ಮಾತ್ರ ಆ ವರ್ಗದಲ್ಲಿ 'ನಾವೇ ಮೊದಲು' ಅನ್ನಬಹುದಿತ್ತು. 1975ರ ಎಫ್-150 ಗೆರೆಯ ಆಚೆಗೆ ಹೋಯ್ತು, 2014ರ ಎಫ್-450 ಗೆರೆಯ ಈಚೆಗೇ ಉಳೀತು.

6/6
ಸರಿ, ಈಗ ಎಲ್ಲರದ್ದೂ ಒಂದೇ ಪರೀಕ್ಷೆ. ಹಾಗಿದ್ರೂ ಜಾಹೀರಾತಿಗೂ ಬಾಗಿಲ ಸ್ಟಿಕರಿಗೂ ಯಾಕೆ ಹೊಂದಲ್ಲ? ಒಂದು ಲೆಕ್ಕ ಮಾಡೋಣ. ಇದು ನಾನು ಉದಾಹರಣೆಗೆ ತಗೊಂಡಿರೋ ಟ್ರಕ್ಕು.

ಎಳೆಯುವ ಸಾಮರ್ಥ್ಯ 4,500 ಕೆ.ಜಿ. ಸ್ಟಿಕರ್ ಪ್ರಕಾರ ಗಾಡಿ ಹೊರಬಹುದಾದದ್ದು 680 ಕೆ.ಜಿ., ಡ್ರೈವರನ್ನೂ ಸೇರಿಸಿ. ಎತ್ತಿನ ಗಾಡಿಗೆ ಹೇರು ಹಾಕೋದನ್ನ ನೋಡಿದವರಿಗೆ ಗೊತ್ತು: ಹಿಂದೆ ಭಾರ ಜಾಸ್ತಿಯಾದ್ರೆ ನೊಗ ಮೇಲೇಳುತ್ತೆ, ಮುಂದೆ ಜಾಸ್ತಿಯಾದ್ರೆ ಎತ್ತಿನ ಹೆಗಲು ಹೋಗುತ್ತೆ. ಟ್ರೇಲರ್ ಕೂಡ ಹಾಗೇ. ಅದರ ತೂಕದಲ್ಲಿ ಒಂದು ಪಾಲು ಟ್ರಕ್ಕಿನ ಬೆನ್ನಿನ ಮೇಲೆ ಕೂರಲೇಬೇಕು, ಇಲ್ಲದಿದ್ರೆ ಓಲಾಡುತ್ತೆ.

ಪರೀಕ್ಷೆಯಲ್ಲಿ ಮಾಮೂಲಿ ಟ್ರೇಲರಿಗೆ ಆ ಪಾಲು 10%. ಅಂದ್ರೆ 450 ಕೆ.ಜಿ. ಜೊತೆಗೆ ಇಬ್ಬರು ಸೇರಿ 136. ಒಟ್ಟು 586. ಪಾಸ್!

ಈಗ ನಿಜ ಜೀವನ. ಬರೀ 4,000 ಕೆ.ಜಿ. ಟ್ರೇಲರ್, ಆದರೆ ಬೆನ್ನಿನ ಪಾಲು 12%. ಅದಕ್ಕೇ 480. ಅಪ್ಪ ಅಮ್ಮ ಸೇರಿ 140, ಇಬ್ಬರು ಮಕ್ಕಳು 60. ಒಟ್ಟು 680. ಮುಗೀತು. ಜಾಹೀರಾತಿಗಿಂತ 500 ಕೆ.ಜಿ. ಕಡಿಮೆ ಎಳೀತಿದ್ರೂ ಇನ್ನೊಂದು ಟೆಂಟ್ ಹಾಕೋಕೆ ಜಾಗ ಇಲ್ಲ. ಜಾಹೀರಾತೂ ನಿಜ, ಸ್ಟಿಕರೂ ನಿಜ. ಎಂಜಿನ್ ಎಷ್ಟು ಎಳೆಯುತ್ತೆ ಅನ್ನೋದು ಒಂದು ಪ್ರಶ್ನೆ, ಚಕ್ರ, ಸ್ಪ್ರಿಂಗು, ಆಕ್ಸಲ್ ಎಷ್ಟು ಹೊರುತ್ತೆ ಅನ್ನೋದು ಇನ್ನೊಂದು. ಇಳಿಜಾರಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಬ್ರೇಕ್ ಒತ್ತುವಾಗ ಕಾಯೋದು ಇವುಗಳಲ್ಲಿ ಚಿಕ್ಕ ಉತ್ತರ.

ಹಾಗಾಗಿ ಯಾರಾದರೂ ದೊಡ್ಡ ಸಂಖ್ಯೆ ತೋರಿಸಿದ್ರೆ, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಮೊದಲು ಕೇಳಿ. ನಿಮ್ಮ ಬೈಕಿನ ಮೈಲೇಜ್ ಕೂಡ ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಬಂದ ಸಂಖ್ಯೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಬಂದದ್ದಲ್ಲ 🙂

ನಿಮ್ಮ ಗಾಡಿಗೆ ಕಂಪನಿ ಹೇಳಿದ್ದೆಷ್ಟು, ನಿಜವಾಗಿ ಬರೋದೆಷ್ಟು? ಕಾಮೆಂಟಲ್ಲಿ ಬರೀರಿ. ಹೊಸ ಗಾಡಿ ನೋಡ್ತಿರೋ ಗೆಳೆಯರಿಗೆ ಕಳಿಸಿ.

#ಸಂಖ್ಯೆಯಹಿಂದಿನಚರಿತ್ರೆ #ಪಿಕಪ್ #ಕನ್ನಡದಲ್ಲಿಎಂಜಿನಿಯರಿಂಗ್