ಹಂಪಿ ಬಜಾರಿನ ಫೋಟೋ: ಎಲ್ಲಿ ನಿಂತು, ಯಾವ ಲೆನ್ಸಿನಲ್ಲಿ?

ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಹಂಪಿಗೆ ಹೋದವರು ನೋಡಿರುತ್ತೀರಿ. ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಹೊರಗಿನ ಬಿಷ್ಟಪ್ಪಯ್ಯ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಲೆನ್ಸ್ ಇಲ್ಲ, ಆದರೂ ಅದು ಕ್ಯಾಮೆರಾನೇ. ಕಿಂಡಿಯಿಂದ ಗೋಡೆ ದೂರವಾದಷ್ಟೂ ಬಿಂಬ ದೊಡ್ಡದಾಗುತ್ತದೆ. ಕ್ಯಾಮೆರಾದಲ್ಲಿ ಇದೇ ಲೆಕ್ಕಕ್ಕೆ ಫೋಕಲ್ ಲೆಂತ್ ಅನ್ನುತ್ತಾರೆ. ಅದರ ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ.

ಈಗ ಬಜಾರಿಗೆ ಬನ್ನಿ. ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್. ಬಸವಣ್ಣನ ಹತ್ತಿರ ನಿಂತು 200 ಎಂಎಂ ಲೆನ್ಸಿನಲ್ಲಿ ನೋಡಿದರೆ ಗೋಪುರ ಎದುರಿಗೇ ಎದ್ದು ನಿಲ್ಲುತ್ತದೆ. ನಡುವಿನ ಬೀದಿ ಮಡಚಿಟ್ಟಂತಾಗಿ, ಸಾಲುಮಂಟಪಗಳು ಗೋಪುರದ ಬುಡಕ್ಕೇ ಅಂಟಿಕೊಂಡಂತೆ ಕಾಣುತ್ತವೆ. ಅದೇ 24 ಎಂಎಂ ಲೆನ್ಸ್ ಹಾಕಿ ಮಂಟಪದ ಕಂಬದ ಪಕ್ಕ ನಿಂತರೆ ಕಂಬ ಭಾರೀ, ಗೋಪುರ ಬಲು ದೂರ, ಬೀದಿ ದೊಡ್ಡ ಬಯಲು. ಸಿನಿಮಾದವರು ಇದನ್ನು ಬೇಕೆಂದೇ ಬಳಸುತ್ತಾರೆ. ಜಾತ್ರೆ ಕಿಕ್ಕಿರಿದಂತೆ ಕಾಣಲು ಮೊದಲನೆಯದು, ಒಬ್ಬಂಟಿಯನ್ನು ತೋರಿಸಲು ಎರಡನೆಯದು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ತಂದು ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆ ನೆಗೆಟಿವ್‌ಗೆ ತುಂಬಾ ಹೊತ್ತು ಬೆಳಕು ಬಿಡಬೇಕಿತ್ತು. ಆದ್ದರಿಂದ ಓಡಾಡುವವರು ಅದರಲ್ಲಿ ಮೂಡುವುದೇ ಕಷ್ಟ. ಹಳೆಯ ಫೋಟೋದಲ್ಲಿ ಜನ ಕಾಣಲಿಲ್ಲವೆಂದರೆ ಅಲ್ಲಿ ಜನವೇ ಇರಲಿಲ್ಲ ಎಂದಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ಮತ್ತೆ ಫೋಟೋ ತೆಗೆದರು. ನಿಂತ ಜಾಗ ಬದಲಾದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಇದು ಬರೀ ಫೋಟೋದವರ ಮಾತಲ್ಲ. 2011ರ ಜುಲೈನಲ್ಲಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕು ಎಂಬುದು ಒಂದು ವಾದ, ಅಲ್ಲೇ ಬದುಕಿದವರ ಬಾಳೂ ಬಜಾರೇ ಎಂಬುದು ಇನ್ನೊಂದು. ಉದ್ದ ಲೆನ್ಸಿನ ಚಿತ್ರದಲ್ಲಿ ಅಂಗಡಿಗಳು ಗುಡಿಯನ್ನೇ ಒತ್ತಿದಂತೆ ಕಾಣುತ್ತವೆ. ಅಗಲ ಲೆನ್ಸಿನಲ್ಲಿ ಅವೇ ಅಂಗಡಿಗಳ ಮುಂದೆ ಬೇಕಾದಷ್ಟು ಜಾಗ. ಎರಡೂ ನಿಜವಾದ ಫೋಟೋಗಳೇ.

ನಿಮ್ಮ ಮನೆಯಲ್ಲಿ ಆ ಬಜಾರಿನ ಹಳೆಯ ಫೋಟೋ ಇದ್ದರೆ ಹಿಂದೆ ಎರಡು ಸಾಲು ಬರೆದಿಡಿ: ಯಾವ ವರ್ಷ, ಎಲ್ಲಿ ನಿಂತು ತೆಗೆದದ್ದು. ಯಾವ ಅಂಗಡಿ ಎಲ್ಲಿತ್ತು ಎಂದು ನಾಳೆ ಯಾರಾದರೂ ಕೇಳಿದಾಗ ಫೋಟೋದಷ್ಟೇ ಆ ಎರಡು ಸಾಲೂ ಸಾಕ್ಷಿ.