ಹಂದಿಮರಿಗಳ ಭೇದಿ: ಗೊತ್ತಿದ್ದೂ ಬಿಟ್ಟ ದಾರಿ

ಇ. ಕೋಲಿ ಎಲ್ಲ ಹಂದಿಗಳ ಕರುಳಿನಲ್ಲೂ ಇರುತ್ತದೆ. ಹಾಗಿದ್ದೂ ಕೆಲವು ಮರಿಗಳು ಮಾತ್ರ ನೀರಿನಂತೆ ಭೇದಿಯಾಗಿ, ಮೈಯ ನೀರೆಲ್ಲ ಬತ್ತಿ ಸಾಯುವುದೇಕೆ? 1885ರಲ್ಲಿ ಥಿಯೋಡೋರ್ ಎಶೆರಿಷ್ ಹಸುಗೂಸುಗಳ ಮಲದಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೂ ಬಹುಕಾಲ ಇದಕ್ಕೆ ಉತ್ತರ ಸಿಗಲಿಲ್ಲ.

1961ರಲ್ಲಿ ಡೆನ್ಮಾರ್ಕಿನ ಓರ್ಸ್ಕೊವ್ ದಂಪತಿ ಮತ್ತು ಸಂಗಡಿಗರು ರೋಗದ ಹಂದಿಗಳಿಂದ ತೆಗೆದ ಇ. ಕೋಲಿಯ ಮೈಮೇಲೆ ಕೆ88 ಎಂಬ ಪ್ರೋಟೀನನ್ನು ಕಂಡರು. ಅದರ ಕೆಲಸವೇನೆಂದು ತಿಳಿದದ್ದು 1972ರಲ್ಲಿ. ಇಂಗ್ಲೆಂಡಿನ ಕಾಂಪ್ಟನ್ನಿನಲ್ಲಿ ಸಂಶೋಧಕರಾದ ಜೋನ್ಸ್ ಮತ್ತು ರಟರ್, ಕೆ88 ಇದ್ದ ತಳಿ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ಮರಿಗಳನ್ನು ಕೊಲ್ಲುವುದನ್ನೂ, ಕೆ88 ಕಳೆದುಕೊಂಡ ತಳಿ ಭೇದಿ ತರಿಸುವ ವಿಷವನ್ನು ತಯಾರಿಸಬಲ್ಲದಾದರೂ ನಿರುಪದ್ರವಿಯಾಗಿರುವುದನ್ನೂ ತೋರಿಸಿದರು. ವಿಷ ಇದ್ದರೆ ಸಾಲದು, ಹಿಡಿತವೂ ಬೇಕು. ಈ ಕ್ಷೇತ್ರದ ಅತ್ಯಂತ ಚೆಂದದ ಪ್ರಯೋಗ ಇದೇ ಎಂಬುದು ನನ್ನ ಎಣಿಕೆ.

ಮುಂದಿನ ಹೆಜ್ಜೆಗಳು ಬೇಗ ಬಂದವು. ಹಂದಿಯ ಮಾಸು ತಾಯಿಯ ಪ್ರತಿಕಾಯಗಳನ್ನು ಮರಿಗೆ ದಾಟಿಸುವುದಿಲ್ಲ; ಮರಿಗೆ ಗಿಣ್ಣುಹಾಲೇ ಗತಿ. ಹಾಗಾಗಿ 1973ರಲ್ಲಿ ಅದೇ ಇಬ್ಬರು ಗಬ್ಬದ ಹಂದಿಗೆ ಕೆ88 ಲಸಿಕೆ ಹಾಕಿ, ಹಾಲಿನ ಮೂಲಕ ಮರಿಗಳನ್ನು ಕಾಪಾಡಿದರು. 1975ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಕೆಲವು ಹಂದಿಗಳ ಕರುಳಿಗೆ ಈ ಬ್ಯಾಕ್ಟೀರಿಯಾ ಅಂಟುವುದೇ ಇಲ್ಲ, ಆ ಗುಣ ವಂಶಪಾರಂಪರ್ಯವಾಗಿ ಬರುತ್ತದೆ.

ಲಸಿಕೆ ಗೆದ್ದದ್ದು ಹಾಲು ಕುಡಿಯುವ ಮರಿಗಳಲ್ಲಿ. ಹಾಲು ಬಿಡಿಸಿದೊಡನೆ ಆ ರಕ್ಷಣೆ ಮುಗಿಯುತ್ತದೆ. ಬಯಲಲ್ಲಿ ಬಿಟ್ಟ ತಾಯಿಹಂದಿ ಮರಿಗಳಿಗೆ ಮೂರು ತಿಂಗಳಾದರೂ ಹಾಲೂಡುತ್ತದೆ. ಫಾರಮ್ಮುಗಳಲ್ಲಿ ಮೂರು–ನಾಲ್ಕು ವಾರಕ್ಕೇ ಬೇರ್ಪಡಿಸಿ, ಹೊಸ ಕೊಟ್ಟಿಗೆ, ಹೊಸ ಆಹಾರಕ್ಕೆ ದೂಡುತ್ತಾರೆ. ಆಗ ಬರುವ ಭೇದಿಗೆ ಉದ್ಯಮ ಹಿಡಿದದ್ದು ಸುಲಭದ ಹಾದಿ: ಆಹಾರದಲ್ಲೇ ಆ್ಯಂಟಿಬಯಾಟಿಕ್. 1986ರಲ್ಲಿ ಬೆಳವಣಿಗೆ ಹೆಚ್ಚಿಸಲೆಂದು ಅದನ್ನು ಬೆರೆಸುವುದನ್ನು ಸ್ವೀಡನ್ ನಿಷೇಧಿಸಿದಾಗ ಮರಿಗಳ ಭೇದಿ ಹೆಚ್ಚಿತು. ಅಲ್ಲಿನವರು ಕೊಟ್ಟಿಗೆ, ಆಹಾರ, ಹಾಲು ಬಿಡಿಸುವ ವಯಸ್ಸು ಎಲ್ಲವನ್ನೂ ತಿದ್ದಿಕೊಂಡರು. ಯುರೋಪಿನ ಇತರ ಹಲವು ದೇಶಗಳು ಸತುವಿನ ಆಕ್ಸೈಡಿನ ಮೊರೆಹೋದವು. ಟನ್ ಆಹಾರಕ್ಕೆ ಎರಡೂವರೆ ಕಿಲೋ ಸತು! ಅದರ ಬಹುಪಾಲು ಗೊಬ್ಬರದೊಡನೆ ಹೊಲ ಸೇರಿತು. 2022ರ ಜೂನ್‌ನಲ್ಲಿ ಅದಕ್ಕೂ ನಿಷೇಧ ಬಂತು.

ಅಷ್ಟರಲ್ಲಿ ಮನುಷ್ಯರಿಗೆ ಕೊನೆಯ ಅಸ್ತ್ರವಾದ ಆ್ಯಂಟಿಬಯಾಟಿಕ್ ಕೊಲಿಸ್ಟಿನ್‌ಗೂ ಪೆಟ್ಟು ಬಿದ್ದಿತ್ತು. ಈ ಭೇದಿಗೂ ಧಾರಾಳವಾಗಿ ಬಳಸುತ್ತಿದ್ದ ಮದ್ದು ಅದು. ಅದನ್ನು ಸೋಲಿಸುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಹಾರಬಲ್ಲ ಎಂಸಿಆರ್-1 ಜೀನ್ ಚೀನಾದ ಹಂದಿಯ ಇ. ಕೋಲಿಯಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಈಗ ಹಾಲು ಬಿಡಿಸಿದ ಮೇಲೆ ಬರುವ ಭೇದಿಯ ವಿರುದ್ಧ ಬಾಯಿಯ ಮೂಲಕ ಕೊಡುವ ಲಸಿಕೆ ಇದೆ. ಡೆನ್ಮಾರ್ಕಿನಲ್ಲಿ ಬ್ಯಾಕ್ಟೀರಿಯಾವನ್ನು ಅಂಟಿಸಿಕೊಳ್ಳದ ಕರುಳಿನ ತಳಿಯನ್ನೇ ಆರಿಸಿ ಬೆಳೆಸಿದ್ದಾರೆ. ಎರಡಕ್ಕೂ ಬೇಕಾದ ಮೂಲ ತಿಳಿವಳಿಕೆ 1975ರಲ್ಲೇ ಕೈಯಲ್ಲಿತ್ತು. ಯುರೋಪಿನ ಕಾನೂನು ಹಾಲು ಬಿಡಿಸಲು 28 ದಿನ ಎನ್ನುತ್ತದೆ, ಶುಚಿಯಾದ ಪ್ರತ್ಯೇಕ ಕೊಟ್ಟಿಗೆಯಿದ್ದರೆ 21ಕ್ಕೂ ಒಪ್ಪುತ್ತದೆ. ಮೊದಲು ತೆಗೆಯಬೇಕಾದದ್ದು ಆ ರಿಯಾಯಿತಿಯನ್ನು.